ಹಗ್ಗದ ಆ ತುದಿಯಲ್ಲಿ ಮೇಲುಗೈ ಸ್ವಾಮಿಗಳು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ಹಿರಿಯ ವೈದ್ಯರೇ, ದೂರದಿಂದ ಬಂದು ದಣಿದಿರುವ ಮುಖ್ಯ ಅತಿಥಿಗಳೇ, ಹೂವಿನ ಬುಟ್ಟಿಗಳ ಹಿಂದೆ ಅರ್ಧ ಮಾತ್ರ ಕಾಣುತ್ತಿರುವ ವೇದಿಕೆಯ ಇತರ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮೆಲ್ಲರ ಫಿಸಿಯೋಥೆರಪಿ ಮೇಡಂ ಅವರೇ, ಮತ್ತು ಅವರ ಕೈಯಲ್ಲಿ ಒಂದಲ್ಲ ಒಂದು ದಿನ ‘ಅಯ್ಯಮ್ಮಾ, ಸಾಯ್ತೀನಿ’ ಎಂದು ಕೂಗಿರುವ ನನ್ನ ಪ್ರೀತಿಯ ಸಭಿಕರೇ,

ರೋಗಿಗಳ ಪರವಾಗಿ ಐದು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಗಳು ನನಗೆ ಹೇಳಿದ್ದಾರೆ. ನಾನು ಮನೆಗಳಿಗೆ ಬಣ್ಣ ಹೊಡೆಯುವವನು. ನಮ್ಮ ಕಸುಬಿನಲ್ಲಿ ‘ಎರಡು ದಿನದಲ್ಲಿ ಮುಗಿಸಿಕೊಡ್ತೀನಿ’ ಎಂದರೆ ಏನರ್ಥ ಎಂಬುದು ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿದೆ. ಐದು ನಿಮಿಷವನ್ನೂ ತಾವು ಹಾಗೆಯೇ ತಿಳಿದುಕೊಳ್ಳಬೇಕಾಗಿ ವಿನಂತಿ.

ನನಗಿಂತ ಮೊದಲು ಮಾತಾಡಿದವರೆಲ್ಲ ಮೇಡಂ ಅವರ ತಾಳ್ಮೆಯನ್ನು ಹೊಗಳಿದರು. ಅವರ ಕೈಗೆ ಸಿಕ್ಕಿಬಿದ್ದವರ ತಾಳ್ಮೆಯನ್ನು ಯಾರೂ ಹೊಗಳಲಿಲ್ಲ. ಆ ಕೊರತೆಯನ್ನು ನಾನು ತುಂಬಬೇಕೆಂದಿದ್ದೇನೆ. ಎರಡು ಕೈಗಳ ಕಥೆ ಹೇಳುತ್ತೇನೆ. ಒಂದು ಕೈ ನನ್ನದು, ಅದು ಮೇಲೇಳುತ್ತಿರಲಿಲ್ಲ. ಇನ್ನೊಂದು ಕೈ ಒಬ್ಬ ತಪಸ್ವಿಗಳದು, ಅದು ಕೆಳಗಿಳಿಯುತ್ತಿರಲಿಲ್ಲ. ಅವರು ಮೂರನೆಯ ಸಾಲಿನ ಅಂಚಿನಲ್ಲಿ ಕೂತಿದ್ದಾರೆ. ಅವರ ಅನುಮತಿ ಪಡೆದೇ ಹೇಳುತ್ತಿದ್ದೇನೆ. ‘ಜಾಸ್ತಿ ಹೊಗಳಬೇಡಿ, ಜಾಸ್ತಿ ನಗಿಸಬೇಡಿ’ ಎಂದಿದ್ದಾರೆ. ಮೊದಲನೆಯದಕ್ಕೆ ಒಪ್ಪಿದ್ದೇನೆ. ಎರಡನೆಯದಕ್ಕೆ ನಾನು ಮಾತು ಕೊಟ್ಟಿಲ್ಲ.

ನನ್ನ ಬಲಭುಜ ಹಿಡಿದುಕೊಂಡದ್ದು ಹೇಗೆ? ಬಿದ್ದೆನೇ? ಇಲ್ಲ. ಯಾರಾದರೂ ಹೊಡೆದರೇ? ಅದೂ ಇಲ್ಲ. ಒಂದು ಬೆಳಿಗ್ಗೆ ಏಣಿ ಹತ್ತಿ, ಚಾವಣಿಗೆ ಬ್ರಷ್ ಇಡಲು ಹೋದೆ. ಕೈ ಎದೆಯವರೆಗೆ ಬಂದು ನಿಂತುಬಿಟ್ಟಿತು. ಅಲ್ಲಿಂದ ಮುಂದೆ ತನಗೆ ಸಂಬಂಧವಿಲ್ಲ ಎನ್ನುವಂತೆ. ಕೆಲವು ವಾರ ಯಾರಿಗೂ ಹೇಳದೆ ಎದೆಮಟ್ಟದವರೆಗೆ ನಾನು ಹೊಡೆದು, ಅದರ ಮೇಲಿನದನ್ನು ನನ್ನ ಜೊತೆಗಾರನಿಂದ ಮುಗಿಸಿದೆ. ಕೊನೆಗೆ ಒಬ್ಬ ಮನೆಯೊಡತಿ ಸೊಂಟದ ಮೇಲೆ ಕೈಯಿಟ್ಟು, ‘ಏನಪ್ಪಾ, ನೀನು ನೆಲಮಾಳಿಗೆಗೆ ಮಾತ್ರ ಪೇಂಟರಾ?’ ಎಂದರು. ಆ ಮಾತು ನಾಟಿತು. ಮರುದಿನವೇ ಈ ಆಸ್ಪತ್ರೆಗೆ ಬಂದೆ.

ಫಿಸಿಯೋಥೆರಪಿ ಕೋಣೆ ಎಲ್ಲಿದೆ ಎಂದು ತಮಗೆ ಹೇಳಬೇಕಾಗಿಲ್ಲ. ಉದ್ದದ ಕಾರಿಡಾರಿನ ಕೊನೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕದಲ್ಲಿ. ನಮ್ಮ ನರಳಾಟಕ್ಕೆಲ್ಲ ಸೋಪಿನ ಪುಡಿಯ ವಾಸನೆ ಇದೆ. ಒಳಗೆ ದೊಡ್ಡ ಕನ್ನಡಿ, ಮರಳುಚೀಲಗಳು, ರಬ್ಬರ್ ಚೆಂಡುಗಳು, ಗೋಡೆಯ ಎತ್ತರದಲ್ಲಿ ಒಂದು ರಾಟೆ, ರಾಟೆಯ ಮೇಲೆ ಹಗ್ಗ, ಹಗ್ಗದ ಎರಡು ತುದಿಗೆ ಎರಡು ಹಿಡಿಕೆ. ಒಳ್ಳೆಯ ಕೈಯಿಂದ ಒಂದು ತುದಿ ಎಳೆದರೆ ಕೆಟ್ಟ ಕೈ ಮೇಲೇಳಬೇಕು. ನನ್ನ ಕಥೆಯೇನಾಯಿತೆಂದರೆ, ಕೆಟ್ಟ ಕೈಗೆ ನೋವಾದ ಕೂಡಲೇ ಒಳ್ಳೆಯ ಕೈ ಕನಿಕರಪಟ್ಟು ಬಿಟ್ಟುಬಿಡುತ್ತಿತ್ತು. ‘ನಿಮ್ಮ ಎರಡು ಕೈಗಳೂ ಒಂದೇ ಪಾರ್ಟಿ ಪೇಂಟರೇ, ಪ್ರಯೋಜನವಿಲ್ಲ’ ಎಂದು ಮೇಡಂ ತಲೆಯಾಡಿಸಿದರು.

ಆ ದಿನಗಳಲ್ಲೇ ಆ ತಪಸ್ವಿಗಳು ಬಂದದ್ದು. ಬಾಗಿಲಲ್ಲಿ ಮೊದಲು ಕಂಡದ್ದು ಒಂದು ಕೈ. ಕಿವಿಗೆ ಒತ್ತಿಕೊಂಡು ನೇರ ಮೇಲೆದ್ದ, ಒಣಗಿದ ಕೊಂಬೆಯಂಥ ಬಲಗೈ. ಬೆರಳುಗಳು ಮುಷ್ಟಿಯಾಗಿ ಮಡಚಿದ್ದವು. ಆಮೇಲೆ ಕಂಡದ್ದು ಗಡ್ಡ, ಗಡ್ಡದೊಳಗೆ ಒಂದು ಸಂಕೋಚದ ನಗೆ. ಅವರ ಹಿಂದೆ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡ ಒಬ್ಬ ಹೆಂಗಸು. ಅವರ ತಂಗಿ. ಆಗ ಅವರ ತಂಗಿ ಮಾತ್ರ.

ನಗಬೇಡಿ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸ್ವಾಮಿಗಳು ಮೊದಲು ಟೆಲಿಫೋನ್ ಕಚೇರಿಯ ದೂರು ವಿಭಾಗದಲ್ಲಿದ್ದವರು. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ರಿಸೀವರ್ ಒತ್ತಿಕೊಂಡು, ಅವರ ಲೈನು ಸತ್ತಿದೆ, ಇವರ ಲೈನಿನಲ್ಲಿ ಗರಗರ ಎನ್ನುತ್ತಿದೆ ಎಂಬುದನ್ನೇ ಕೇಳುವ ಕೆಲಸ. ಒಂದು ಮಧ್ಯಾಹ್ನ ಅವರಿಗೆ ಅನ್ನಿಸಿತಂತೆ: ಎಲ್ಲರ ಮನೆಯಲ್ಲೂ ಏನಾದರೊಂದು ಕೆಟ್ಟಿದೆ, ಸರಿಮಾಡಿದರೆ ಮತ್ತೆ ಕೆಡುತ್ತದೆ, ಕೆಡದೇ ಇರುವಂಥದ್ದು ಎಲ್ಲಾದರೂ ಇದೆಯೇ? ರಿಸೀವರ್ ಕೆಳಗಿಟ್ಟರು. ಎದ್ದು ಹೊರಟರು. ತಂಗಿಗೆ ಸುದ್ದಿ ಬಂದದ್ದು ಕಚೇರಿಯಿಂದ.

ಬೆಟ್ಟದ ಮೇಲೆ ಒಬ್ಬ ಗುರುಗಳಿದ್ದರು. ಯಾರಿಗೂ ನೆನಪಿಲ್ಲದಷ್ಟು ಕಾಲದಿಂದ ಅವರು ಕೂತೇ ಇರಲಿಲ್ಲ; ನಿಂತೇ ಉಣ್ಣುವುದು, ಮರಕ್ಕೆ ಒರಗಿ ನಿಂತೇ ನಿದ್ದೆ. ಶಿಷ್ಯರಲ್ಲಿ ಒಬ್ಬ ತಣ್ಣೀರಿನಲ್ಲಿ ಮುಳುಗಿ ಕೂರುವವನು, ಒಬ್ಬ ಎಲೆ ಮಾತ್ರ ತಿನ್ನುವವನು, ಒಬ್ಬ ಮಾತು ಬಿಟ್ಟವನು. ನಮ್ಮ ಸ್ವಾಮಿಗಳು ಬಲಗೈ ಎತ್ತಿದರು. ಮೊದಮೊದಲು ಅದು ತಾನಾಗಿ ಬೀಳುತ್ತಿತ್ತಂತೆ, ಕಂಬಕ್ಕೆ ಕಟ್ಟಿಕೊಂಡರು. ಜೀವವೆಲ್ಲ ಭುಜದಲ್ಲೇ ಇದೆ ಎನ್ನುವ ಹಾಗೆ ಉರಿಯಿತು. ಇಳಿಸಲಿಲ್ಲ. ಸುಮಾರು ಒಂಬತ್ತು ವರ್ಷ. ಸಭಿಕರೇ, ನಾವು ಬಸ್ಸಿನಲ್ಲಿ ಎರಡು ನಿಲ್ದಾಣದ ದೂರ ಕಂಬಿ ಹಿಡಿದು ನಿಂತರೆ ಕೈ ಬದಲಾಯಿಸುತ್ತೇವೆ. ಸ್ವಲ್ಪ ಯೋಚಿಸಿ.

ಮುಂದೆ ಏನಾಯಿತು? ಆಮೇಲೆ ನಾವಿಬ್ಬರೂ ಆ ರಾಟೆಯ ಹಗ್ಗದ ಒಂದೊಂದು ತುದಿ ಹಿಡಿದು ನಿಂತಾಗ ಅವರು ಬಿಡಿಬಿಡಿಯಾಗಿ ನನಗೆ ಹೇಳಿದ್ದನ್ನು ಜೋಡಿಸಿ ಹೇಳುತ್ತಿದ್ದೇನೆ. ಒಂದು ಬೆಳಿಗ್ಗೆ ಎದ್ದರೆ ನೋವೇ ಇಲ್ಲ. ಓಡಿಹೋಗಿ, ‘ದಾಟಿಬಿಟ್ಟೆ ಗುರುಗಳೇ’ ಎಂದರಂತೆ. ಗುರುಗಳು ಆ ಕೈಯನ್ನು ಮುಟ್ಟಿ, ಚಿವುಟಿ ನೋಡಿ, ‘ದಾಟಿದ್ದು ಕೈ ಕಣಪ್ಪ, ನೀನು ಇಲ್ಲೇ ಇದ್ದೀಯ’ ಎಂದರಂತೆ.

ಅದಾದ ಬಹಳ ಕಾಲದ ಮೇಲೆ, ಶಿಷ್ಯರೆಲ್ಲ ಸುತ್ತ ಇರುವಾಗಲೇ, ಗುರುಗಳು ಮರಕ್ಕೆ ಬೆನ್ನು ಉಜ್ಜುತ್ತ ಉಜ್ಜುತ್ತ ಕೆಳಗೆ ಸರಿದರು. ನೆಲಕ್ಕೆ ಕೂತರು. ಕಾಲು ಚಾಚಿದರು. ಮೊಣಕಾಲು ನೀವಿಕೊಂಡು, ‘ಕೂತ್ಕೊಂಡ್ರೆ ಎಷ್ಟು ಹಿತವಾಗಿರುತ್ತೆ’ ಎಂದು ನಕ್ಕರು. ಅಷ್ಟೇ. ಶಿಷ್ಯರಲ್ಲಿ ದೊಡ್ಡ ಗಲಾಟೆ. ಗುರುಗಳು ಜಾರಿದರು ಎಂದು ಅರ್ಧ ಜನ, ಗುರುಗಳು ಗುರಿ ಮುಟ್ಟಿದರು ಎಂದು ಅರ್ಧ ಜನ. ಮಾತು ಬಿಟ್ಟಿದ್ದವನದೇ ಎಲ್ಲರಿಗಿಂತ ಜೋರು ದನಿಯಾಗಿತ್ತಂತೆ. ನಮ್ಮವರು ಜಗಳಕ್ಕೆ ಹೋಗದೆ ಗುರುಗಳ ಪಕ್ಕದಲ್ಲಿ ಮೊಣಕಾಲೂರಿ, ‘ನಾನೇನು ಮಾಡ್ಲಿ?’ ಎಂದು ಕೇಳಿದರು.

‘ಮನೆಗೆ ಹೋಗು. ತಂಗಿ ಇದ್ದಾಳೆ ಅಂದಿದ್ದೆಯಲ್ಲ.’

‘ಈ ಕೈ?’

‘ಅದನ್ನೂ ಕರ್ಕೊಂಡು ಹೋಗು.’

ಹಾಗೆ ಬೆಟ್ಟ ಇಳಿದು ಬಂದರು. ತಂಗಿಯ ಹೊಲಿಗೆ ಅಂಗಡಿಯಲ್ಲಿ ಆ ಹೊತ್ತು ಗಿರಾಕಿಗಳು ತುಂಬಿದ್ದರು. ಅವಳು ಮೆಷಿನ್ನಿನಿಂದ ತಲೆಯೆತ್ತದೆ, ಗಾಜಿನ ಬಾಗಿಲಾಚೆ ಎದ್ದಿದ್ದ ಕೈಯನ್ನು ಮಾತ್ರ ಕಡೆಗಣ್ಣಿನಲ್ಲಿ ಕಂಡು, ‘ಸರದಿ ಪ್ರಕಾರ ಕರೀತೀನಿ, ಕೈ ಇಳಿಸಿ’ ಎಂದಳು.

‘ಇಳಿಯಲ್ಲ ಕಣೇ’ ಎಂದಿತು ಬಾಗಿಲಾಚೆಯ ದನಿ.

ಮೆಷಿನ್ ನಿಂತಿತು. ಗಿರಾಕಿಗಳೆಲ್ಲ ಹೊರಗೆ ಹೋದರು. ಆಮೇಲೆ ಒಳಗೆ ಏನೇನು ನಡೆಯಿತು ಎಂದು ಅಣ್ಣನೂ ಹೇಳಿಲ್ಲ, ತಂಗಿಯೂ ಹೇಳಿಲ್ಲ. ನಾನು ಇಷ್ಟು ವರ್ಷವಾದರೂ ಕೇಳಿಲ್ಲ. ಮಾರನೆಯ ದಿನ ಅವಳು ಅಣ್ಣನಿಗೆ ಒಂದು ಅಂಗಿ ಹೊಲಿದಳು. ಎತ್ತಿದ ಕೈಗೆ ಅಂಗಿ ಹೊಲಿಯುವುದನ್ನು ಯಾವ ಹೊಲಿಗೆ ಶಾಲೆಯಲ್ಲಿ ಕಲಿಸುತ್ತಾರೆ? ಬಲದೋಳು ಭುಜದಿಂದ ನೇರ ಮೇಲಕ್ಕೆ ಚಿಮಣಿಯ ಹಾಗೆ ಹೋಗಬೇಕು. ಪಕ್ಕ ಪೂರ್ತಿ ತೆರೆದು ಗುಂಡಿ ಇಡಬೇಕು. ಅಂಥ ಮೂರು ಅಂಗಿ ಹೊಲಿದಳು. ಹೊಲಿಯುವಾಗ ಅಣ್ಣನ ಜೊತೆ ಒಂದು ಮಾತೂ ಆಡಲಿಲ್ಲವಂತೆ. ಇದು ಮಾತ್ರ ಇಬ್ಬರೂ ಹೇಳುತ್ತಾರೆ.

ಬೀದಿಯಲ್ಲಿ ಅವರ ಪಾಡು ಬೇರೆ. ಸುಮ್ಮನೆ ನಿಂತರೂ ಬಸ್ಸು ನಿಲ್ಲುತ್ತಿತ್ತು. ಅವರು ಹತ್ತುತ್ತಿರಲಿಲ್ಲ, ಚಾಲಕ ಬೈಯುತ್ತಿದ್ದ. ‘ಬೈಸಿಕೊಳ್ಳೋದೂ ಒಂದು ಸಾಧನೆಯೇ’ ಎನ್ನುತ್ತಿದ್ದರು. ಬಡಾವಣೆಯ ಸಭೆಯಲ್ಲಿ ನೀರಿನ ತೊಟ್ಟಿಯ ವಿಷಯಕ್ಕೆ ‘ಒಪ್ಪುವವರು ಕೈ ಎತ್ತಿ’ ಎಂದಾಗ ಒಂದು ಸಲ, ‘ವಿರೋಧಿಸುವವರು ಕೈ ಎತ್ತಿ’ ಎಂದಾಗ ಇನ್ನೊಂದು ಸಲ, ಎರಡೂ ಕಡೆ ಅವರನ್ನು ಎಣಿಸಿದರು. ಇಲ್ಲಿ ನಮ್ಮ ವಾರ್ಡಿನವರು ಅವರಿಗೆ ‘ಮೇಲುಗೈ ಸ್ವಾಮಿಗಳು’ ಎಂದು ಹೆಸರಿಟ್ಟರು. ನನಗೆ ‘ಕೆಳಗೈ ಪೇಂಟರ್’ ಎಂದರು. ಹೆಸರಿಟ್ಟ ನರ್ಸಮ್ಮ ಈಗ ಬಾಗಿಲ ಬಳಿ ಮುಖ ಮುಚ್ಚಿಕೊಂಡಿದ್ದಾರೆ, ತಾವು ನೋಡಬಹುದು.

ಅವರು ಆಸ್ಪತ್ರೆಗೆ ಬಂದದ್ದು ಕೈ ಇಳಿಸುವುದಕ್ಕಲ್ಲ. ಉಗುರುಗಳು ಬೆಳೆದು ಅಂಗೈಯೊಳಗೆ ನಾಟಿ ಕೀವಾಗಿತ್ತು. ಡಾಕ್ಟರು ಉಗುರು ತೆಗೆದು, ಬೆರಳು ಬಿಡಿಸಲು ಮೇಡಂ ಹತ್ತಿರ ಕಳಿಸಿದರು. ‘ಬೆರಳು ಮಾತ್ರ. ಭುಜ ಮುಟ್ಟಬಾರದು’ ಎಂದು ಸ್ವಾಮಿಗಳು ಷರತ್ತು ಹಾಕಿದರು. ‘ಬೆರಳು ಮಾತ್ರ’ ಎಂದು ಮೇಡಂ ಒಪ್ಪಿದರು. ಮೇಡಂ ಅಷ್ಟು ಸುಲಭವಾಗಿ ಒಪ್ಪಿದಾಗ ಎಚ್ಚರವಾಗಿರಬೇಕು ಎಂದು ಹೊಸಬರಿಗೆ ಹೇಗೆ ಗೊತ್ತಾಗಬೇಕು?

ಒಂದು ದಿನ ನಾನು ರಾಟೆಯ ಕೆಳಗೆ ಎಂದಿನಂತೆ ಗೋಳಿಡುತ್ತಿದ್ದೆ. ಮೇಡಂ ಸ್ವಾಮಿಗಳ ಕಡೆ ತಿರುಗಿ, ‘ಸ್ವಾಮಿಗಳೇ, ಈ ಹಗ್ಗದ ಆ ತುದಿ ಸ್ವಲ್ಪ ಹಿಡ್ಕೊಳ್ತೀರಾ? ಇವರ ಎಡಗೈ ನಂಬೋ ಹಾಗಿಲ್ಲ’ ಎಂದರು. ಸ್ವಾಮಿಗಳು ಬಂದರು. ಬೆರಳಿಗೆ ಹಿಡಿತವಿರಲಿಲ್ಲ, ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಕಟ್ಟಿ ಹಗ್ಗಕ್ಕೆ ಸಿಕ್ಕಿಸಿದರು. ಮೇಡಂ ಸ್ವಾಮಿಗಳ ಮೊಣಕೈ ಹಿಡಿದು ಕೂದಲೆಳೆಯಷ್ಟು ಕೆಳಗೆ ಒತ್ತಿದರು. ನನ್ನ ಕೈ ಕೂದಲೆಳೆಯಷ್ಟು ಮೇಲೆದ್ದಿತು. ಇಬ್ಬರೂ ಒಟ್ಟಿಗೆ ಕಿರುಚಿದೆವು. ಒಂದೇ ಸ್ವರದಲ್ಲಿ, ಬಹಳ ಚೆನ್ನಾಗಿ ಬಂತು.

ಕೆಲವು ದಿನ ಕಳೆದ ಮೇಲೆ ಸ್ವಾಮಿಗಳು ಕೇಳಿದರು: ‘ಮೇಡಂ, ಇದು ನನ್ನ ಕೈ ಇಳಿಸೋ ಉಪಾಯ ಅಲ್ವಾ?’

‘ಅಲ್ಲ ಸ್ವಾಮಿಗಳೇ, ಅವರ ಕೈ ಎತ್ತೋ ಉಪಾಯ.’

ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮಾರನೆಯ ದಿನವೂ ಅವರು ಬಂದರು. ಯಾಕೆ ಬಂದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ತನಗೆ ಬೇಡವಾದದ್ದನ್ನು ಒಬ್ಬ ಪರಿಚಯವಿಲ್ಲದ ಪೇಂಟರನಿಗಾಗಿ ಯಾಕೆ ಸಹಿಸಬೇಕು?

ಪಟ್ಟಿ ಮಣಿಕಟ್ಟನ್ನು ಕೊಯ್ಯುತ್ತಿತ್ತು ಎಂದು ತಂಗಿ ಹತ್ತಿ ತುಂಬಿದ ಮೆತ್ತನೆಯ ಪಟ್ಟಿ ಹೊಲಿದು ತಂದಳು. ಎರಡು ತಂದಳು, ಒಂದು ನನಗೆ. ನನಗೆ ಯಾಕೆ? ನನ್ನ ಬೆರಳುಗಳಿಗೆ ಹಿಡಿತ ಚೆನ್ನಾಗಿಯೇ ಇತ್ತಲ್ಲ? ಇದನ್ನು ನಾನು ಆ ಸಂಜೆ ಬಹಳ ಹೊತ್ತು ಯೋಚಿಸಿದೆ. ಆಮೇಲಿನ ವಾರಗಳಲ್ಲಿ ನನ್ನ ಅಂಗಿಗಳಿಗೆಲ್ಲ ಏನೋ ಆಯಿತು. ಒಂದರ ತೋಳು ಉದ್ದ, ಒಂದರ ಕಾಲರ್ ಬಿಗಿ. ಎಲ್ಲವನ್ನೂ ಅವಳ ಅಂಗಡಿಗೆ ಒಯ್ದೆ. ಹಳೆಯವು ಮುಗಿದ ಮೇಲೆ ಹೊಸ ಬಟ್ಟೆ ತೆಗೆದುಕೊಂಡೆ. ಅಧ್ಯಕ್ಷರೇ, ಇದು ಫಿಸಿಯೋಥೆರಪಿಗೆ ಸಂಬಂಧಪಟ್ಟ ವಿಷಯವೇ. ಪ್ರತಿ ಸಲ ಅಳತೆ ತೆಗೆಯುವಾಗ ಅವಳು ‘ಬಲಗೈ ಎತ್ತಿ’ ಎನ್ನುತ್ತಿದ್ದಳು. ಮೇಡಂ ಎದುರು ಎತ್ತಲಾಗದ್ದನ್ನು ಅಲ್ಲಿ ಎತ್ತುತ್ತಿದ್ದೆ.

ಹೀಗಿರುವಾಗ ಸ್ವಾಮಿಗಳ ಕೈ ಕಿವಿಯಿಂದ ದೂರವಾಗಿ ಓರೆಯಾಗಿ ನಿಂತಿತು. ದಾರಿ ತೋರಿಸುವವರ ಹಾಗೆ. ಅದರ ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೇಡಂ ಹಗ್ಗದ ಆ ತುದಿಗೆ ಮರಳುಚೀಲ ಕಟ್ಟಿದರು. ಮರಳುಚೀಲ ಒಳ್ಳೆಯದೇ, ಆದರೆ ನನ್ನ ಜೊತೆ ಅದು ಕಿರುಚುತ್ತಿರಲಿಲ್ಲ. ನನ್ನ ಕೈ ಇದ್ದಲ್ಲೇ ನಿಂತಿತು. ಅಂಗಡಿಗೆ ಹೋದೆ. ಸ್ವಾಮಿಗಳು ಬಟ್ಟೆ ಥಾನುಗಳ ನಡುವೆ ಚಾಪೆಯ ಮೇಲೆ ಕೂತಿದ್ದರು. ಓರೆಯಾದ ಕೈಯನ್ನು ಎಡಗೈಯಿಂದ ಮತ್ತೆ ಕಿವಿಗೆ ಒತ್ತಿ ಹಿಡಿದುಕೊಂಡಿದ್ದರು.

‘ಗುರುಗಳು ಕೂತರು ಪೇಂಟರೇ’ ಎಂದರು. ‘ಅವರು ಕೂರಬಹುದು. ಅವರು ಏನೋ ಕಂಡಿದ್ದರು. ನಾನೇನು ಕಂಡೆ? ಏನೂ ಕಾಣದೆ ಇಳಿಸಿದ್ರೆ, ಸೋತು ಇಳಿಸಿದ ಹಾಗೆ. ಎಲ್ಲ ಬಿಟ್ಟು ಹೋದವನಿಗೆ ಸಿಕ್ಕಿದ್ದು ಇದೊಂದೇ. ಈ ಕೈ.’

ನಾನು ಗೋಡೆ ಬಲ್ಲವನು, ತಪಸ್ಸು ಬಲ್ಲವನಲ್ಲ. ತಂಗಿ ಮೆಷಿನ್ ನಿಲ್ಲಿಸಿದಳು. ದನಿ ಏರಿಸದೆ ಹೇಳಿದಳು: ‘ಎತ್ತೋವಾಗ ಯಾರನ್ನೂ ಕೇಳ್ಲಿಲ್ಲ, ಅಣ್ಣ. ಇಳಿಸೋಕೆ ಮಾತ್ರ ಎಲ್ಲರೂ ನಿನ್ನ ಕಾಲು ಹಿಡೀಬೇಕಾ? ನೀನು ಹೋದ ಮೇಲೆ ಟೆಲಿಫೋನ್ ಗಂಟೆ ಹೊಡೆದಾಗೆಲ್ಲ ನಾನು ಓಡ್ತಿದ್ದೆ. ನಿಂಗೆ ಗೊತ್ತಾ?’

ಅವರಿಗೆ ಗೊತ್ತಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಸದ್ದಿಲ್ಲದೆ ಎದ್ದು ಬಂದು ಮೇಡಂಗೆ ಎಲ್ಲ ಹೇಳಿದೆ.

ಮರುದಿನ ಸಂಜೆ ಡ್ಯೂಟಿ ಮುಗಿಸಿ ಮೇಡಂ ನನ್ನ ಜೊತೆ ಅಂಗಡಿಗೆ ಬಂದರು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಪಾದ ನೀವಿಕೊಂಡರು. ಉಪದೇಶ ಮಾಡುತ್ತಾರೆಂದು ನಾನಂದುಕೊಂಡಿದ್ದೆ. ಅವರು ಹೇಳಿದ್ದು ಇಷ್ಟು:

‘ಮುಕ್ತಿ ವಿಚಾರ ನಂಗೆ ಗೊತ್ತಿಲ್ಲ ಸ್ವಾಮಿಗಳೇ. ಕೀಲಿನ ವಿಚಾರ ಹೇಳ್ತೀನಿ. ಎತ್ತೋವಾಗ ಎಷ್ಟು ನೋವಾಗಿತ್ತೋ, ಇಳಿಸೋವಾಗಲೂ ಅಷ್ಟೇ ಆಗುತ್ತೆ. ಒಂದು ಚೂರೂ ಕಮ್ಮಿ ಇಲ್ಲ. ಸುಖಕ್ಕೆ ಸೋತೆ ಅಂತ ನೀವು ನಾಚ್ಕೊಳ್ಳೋ ಕಾರಣವೇ ಇಲ್ಲ, ಯಾಕಂದ್ರೆ ಅಲ್ಲಿ ಸುಖವೇ ಇಲ್ಲ. ಕಷ್ಟ ಬೇಕು ಅಂದ್ರೆ ನಮ್ಮಲ್ಲಿ ಬೇಕಾದಷ್ಟಿದೆ, ಬೆಟ್ಟ ಹತ್ತಬೇಕಾಗಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೀತೀವಿ.’

ಮೊದಲು ನಕ್ಕವಳು ತಂಗಿ. ಅವಳು ನಕ್ಕದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ ಸ್ವಾಮಿಗಳ ಗಡ್ಡ ಅಲುಗಿತು. ನಗುತ್ತಾ ನಗುತ್ತಾ ಅವರ ಕಣ್ಣಲ್ಲಿ ನೀರು ಬಂತು, ಎಡಗೈ ಬಲಗೈಯನ್ನು ಬಿಟ್ಟಿತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅವರು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು.

ಅಲ್ಲಿಂದ ಮುಂದೆ ಬಹಳ ದಿನ ಹಿಡಿಯಿತು. ಮೇಡಂ ಹೇಳಿದ್ದು ಸತ್ಯ, ಅಲ್ಲಿ ಸುಖವಿರಲಿಲ್ಲ. ಕೆಲವು ದಿನ ಒಂದು ನೂಲಿನಷ್ಟೂ ಮುಂದೆ ಹೋಗುತ್ತಿರಲಿಲ್ಲ, ಕೆಲವು ದಿನ ಹಿಂದೆ ಬರುತ್ತಿತ್ತು. ನನ್ನ ಕೈ ತಲೆ ದಾಟಿದ ದಿನ ಸ್ವಾಮಿಗಳು ನನಗಿಂತ ಹೆಚ್ಚು ಸಂತೋಷಪಟ್ಟರು. ನಾನು ಮತ್ತೆ ಮೊದಲ ಚಾವಣಿಗೆ ಬಣ್ಣ ಹೊಡೆದದ್ದು ಆ ಹೊಲಿಗೆ ಅಂಗಡಿಯಲ್ಲೇ. ಅವರು ಎಡಗೈಯಿಂದ ಏಣಿ ಹಿಡಿದಿದ್ದರು. ನಾನು ಕೆಳಗಿಳಿದು, ಬ್ರಷ್ ಪಕ್ಕಕ್ಕಿಟ್ಟು, ಅವರ ತಂಗಿಯನ್ನು ಕೇಳಬೇಕಾದ್ದನ್ನು ಕೇಳಿದೆ. ಅವಳ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು, ಉತ್ತರ ಹೇಳಲಾಗಲಿಲ್ಲ. ತಲೆಯಾಡಿಸಿದಳು. ಯಾವ ಕಡೆಗೆ ಆಡಿಸಿದಳು ಎಂದು ನನಗೆ ಗಾಬರಿಯಲ್ಲಿ ತಿಳಿಯಲಿಲ್ಲ, ಸ್ವಾಮಿಗಳನ್ನು ನೋಡಿದೆ. ‘ಒಪ್ಪಿದ್ದಾಳೆ, ಏಣಿ ಮಡಚಿ’ ಎಂದರು.

ಮುಕ್ತಿಯ ಮಾತನ್ನು ಅವರು ಬಿಟ್ಟರೇ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ನಾನೂ ಅವರನ್ನು ಕೇಳಿದ್ದೇನೆ. ‘ಹುಡುಕೋದು ಬಿಟ್ಟಿಲ್ಲ’ ಎಂದರು. ‘ಮೊದಲು ಅದು ನನಗೊಬ್ಬನಿಗೇ ಸಿಗಬೇಕು ಅಂತಿತ್ತು. ಹಗ್ಗ ಹಿಡಿದ ಮೇಲೆ ಆ ಲೆಕ್ಕ ಎಲ್ಲೋ ತಪ್ಪಿಹೋಯ್ತು.’ ಈಗಲೂ ಬೆಳಗಿನ ಹೊತ್ತು ನಮ್ಮ ಮನೆಯ ಮಹಡಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಆಮೇಲೆ ಆಸ್ಪತ್ರೆಗೆ ಬಂದು, ಹೊಸದಾಗಿ ಬಂದವರ ಪಕ್ಕದಲ್ಲಿ ಕೂತು, ಅವರ ನೋವನ್ನು ಪೂರ್ತಿ ಕೇಳುತ್ತಾರೆ. ಅವರು ಮಧ್ಯೆ ಬಾಯಿ ಹಾಕುವುದಿಲ್ಲ. ನಮ್ಮಂಥವರಿಗೆ ಅದು ಕೈ ಎತ್ತಿ ನಿಲ್ಲುವುದಕ್ಕಿಂತ ಕಷ್ಟದ ಕೆಲಸ.

ಹೋದ ವಾರ ಮೇಡಂ ನಮ್ಮ ಮೂವರನ್ನೂ ಕರೆಸಿದರು. ನಿವೃತ್ತಿಗೆ ಮೊದಲು ಕೊನೆಯ ಸಲ ಸ್ವಾಮಿಗಳ ಭುಜ ನೋಡಬೇಕು ಎಂದರು. ಕೈ ಈಗ ಭುಜದ ಮಟ್ಟಕ್ಕೆ ಚಾಚಿ ನಿಲ್ಲುತ್ತದೆ. ಎತ್ತರದ ಮೇಜಿನ ಮೇಲೆ ಇಡಬಹುದು, ಒಂದು ಲೋಟವನ್ನು ಎರಡು ಬೆರಳಲ್ಲಿ ಹಿಡಿಯಬಹುದು. ಮೇಡಂ ಬಹಳ ಹೊತ್ತು ಒತ್ತಿ ನೋಡಿದರು, ತಿರುಗಿಸಿ ನೋಡಿದರು, ಮತ್ತೆ ಒತ್ತಿದರು. ಕೊನೆಗೆ ಕೈಬಿಟ್ಟು ಕೂತರು. ಮೇಡಂ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

‘ಇನ್ನು ಇಳಿಯಲ್ಲ ಸ್ವಾಮಿಗಳೇ. ಪೂರ್ತಿ ಇಳಿಸಿಕೊಡ್ತೀನಿ ಅಂತ ಮನಸಲ್ಲಿ ಅಂದ್ಕೊಂಡಿದ್ದೆ. ನನ್ನ ಕೈಲಿ ಆಗಿದ್ದು ಇಷ್ಟೇ.’

ಸ್ವಾಮಿಗಳು ಚಾಚಿದ ಕೈಯನ್ನು ನೋಡಿಕೊಂಡರು. ಕನ್ನಡಿಯಲ್ಲೂ ಒಂದು ಸಲ ನೋಡಿಕೊಂಡರು. ಆಮೇಲೆ ಆ ಕೈಯನ್ನು ಮೆಲ್ಲಗೆ ಮುಂದೆ ತಂದು ಮೇಡಂ ಅವರ ಭುಜದ ಮೇಲಿಟ್ಟು, ‘ಸಾಕು’ ಎಂದರು.

ಸಭಿಕರೇ, ಟೆಲಿಫೋನ್ ಕಚೇರಿ ಸಾಕಾಗಲಿಲ್ಲ, ಮನೆ ಸಾಕಾಗಲಿಲ್ಲ, ಬೆಟ್ಟವೂ ಸಾಕಾಗದ ಮನುಷ್ಯ ಅವರು. ಆ ಮಾತನ್ನು ಅವರ ಬಾಯಲ್ಲಿ ನಾವ್ಯಾರೂ ಕೇಳಿರಲಿಲ್ಲ. ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತಳು. ಆಮೇಲೆ ಕೊರಳಿನ ಟೇಪು ತೆಗೆದು, ‘ಹಾಗಾದ್ರೆ ಅಲುಗಾಡಬೇಡ ಅಣ್ಣ, ತೋಳಿನ ಅಳತೆ ತಗೊಂಡುಬಿಡ್ತೀನಿ’ ಎಂದಳು. ಅವರು ಇಂದು ತೊಟ್ಟಿರುವ ಅಂಗಿ ಅದೇ. ನೀಲಿ ಬಣ್ಣ ನಾನು ಆರಿಸಿದ್ದು.

ಅಧ್ಯಕ್ಷರು ಗಡಿಯಾರ ನೋಡಿದ್ದನ್ನು ನಾನು ನೋಡಿಲ್ಲ ಎಂದು ನಟಿಸುತ್ತ ಬಹಳ ಹೊತ್ತಾಯಿತು. ಮೇಡಂ, ಭುಜ ಹಿಡಿದುಕೊಂಡವರ ಪರವಾಗಿ, ಮಂಡಿ ಮಡಚಲಾಗದವರ ಪರವಾಗಿ, ಸೊಂಟದವರ ಪರವಾಗಿ, ನಮ್ಮ ಮನೆಯ ಮೂವರ ಪರವಾಗಿ ತಮಗೆ ಕೃತಜ್ಞತೆಗಳು. ತಾವು ಕೊಟ್ಟ ನೋವಿಗೆ ತಮ್ಮನ್ನು ಕ್ಷಮಿಸಿದ್ದೇವೆ. ನಾವು ಆಗ ಆಡಿದ ಮಾತುಗಳಿಗೆ ತಾವೂ ನಮ್ಮನ್ನು ಕ್ಷಮಿಸಿ. ಇಷ್ಟು ಹೊತ್ತು ಕುರ್ಚಿಯಿಂದ ಏಳದೆ ಸಾಧನೆ ಮಾಡಿದ ತಮಗೆಲ್ಲರಿಗೂ ವಂದನೆ ಹೇಳಿ ನನ್ನ ಮಾತು ನಿಲ್ಲಿಸುತ್ತೇನೆ. ಎರಡೂ ಕೈ ಜೋಡಿಸಲು ಬರುವ ನಾವೆಲ್ಲರೂ ಎದ್ದು ನಿಂತು, ಒಮ್ಮೆ ಮೇಡಂ ಅವರಿಗೆ ಕೈ ಜೋಡಿಸೋಣ.

ನಮಸ್ಕಾರ.